ಎದ್ದು ನಿಲ್ಲಬೇಕೋ ಕೂತಿರಬೇಕೋ, ನಾವೇ ಹೇಳುತ್ತೇವೆ

ಅಮೃತಾಪುರ ಹೋಬಳಿಯ ಯುವಕ ಸಂಘ, ಮಹಿಳಾ ಸಂಘ, ದೇವಸ್ಥಾನ ಸಮಿತಿಗಳ ಪದಾಧಿಕಾರಿಗಳಿಗೆ ಮತ್ತು ಊರ ಹಿರಿಯರಿಗೆ,



ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ನಿಮ್ಮಲ್ಲಿ ಕೆಲವರು ಸೇರಿ ಮಾಡಬೇಕೆಂದಿರುವ ಸಮಾರಂಭದ ಕರಪತ್ರ ನನಗೂ ತಲುಪಿದೆ. ಮೂರು ಗಾಲಿಯ ಸೈಕಲ್, ಊರುಗೋಲು, ಕಿವಿ ಮಿಷನ್ ವಿತರಣೆ, ಗಣ್ಯರ ಭಾಷಣ, ಮಧ್ಯಾಹ್ನಕ್ಕೆ ಊಟ. ಕೊನೆಯಲ್ಲಿ ಸಣ್ಣ ಅಕ್ಷರದ ಸೂಚನೆ: ಫಲಾನುಭವಿಗಳು ಒಂಬತ್ತು ಗಂಟೆಗೇ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಹೆಸರು ಕೂಗಿದಾಗ ಒಬ್ಬೊಬ್ಬರಾಗಿ ವೇದಿಕೆ ಹತ್ತಬೇಕು. ವೇದಿಕೆಯ ಮೆಟ್ಟಿಲನ್ನು ಸರಾಗವಾಗಿ ಹತ್ತುವವರಿಗೆ ಊರುಗೋಲು ಯಾಕೆ ಎಂದು ಕೇಳಬಹುದಿತ್ತು. ಅದಿರಲಿ. ನನ್ನ ಬಲಗಾಲು ಪೋಲಿಯೊಗೆ ಸಿಕ್ಕಿದ್ದು. ಇದೇ ಹೋಬಳಿಯಲ್ಲಿ ಹುಟ್ಟಿ, ಇಲ್ಲೇ ಟೀಚರ್ ಕೆಲಸ ಮಾಡಿಕೊಂಡಿರುವವಳು ನಾನು. ನಿಮ್ಮ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ತಕರಾರು ಬೇರೆ. ನಮ್ಮ ಊನವನ್ನು ಯಾವಾಗ ಮುಚ್ಚಬೇಕು, ಯಾವಾಗ ತೋರಿಸಬೇಕು ಎಂಬುದನ್ನು ಹುಟ್ಟಿದಾಗಿನಿಂದ ಬೇರೆಯವರೇ ತೀರ್ಮಾನಿಸುತ್ತ ಬಂದಿದ್ದಾರೆ. ಎಷ್ಟೋ ಸಲ ಮುಚ್ಚು ಎನ್ನುವವರೂ ತೋರಿಸು ಎನ್ನುವವರೂ ಒಬ್ಬರೇ ಆಗಿರುತ್ತಾರೆ.

ನನ್ನ ಸೋದರತ್ತೆಯ ವಿಷಯ ಹೇಳುತ್ತೇನೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅತ್ತೆ ಬೆಳಿಗ್ಗೆಯೇ ಬಂದು ಕಾಲಿಗೆ ಕಟ್ಟುವ ಕ್ಯಾಲಿಪರ್ ಕಾಣದ ಹಾಗೆ ಸೀರೆ ಇಳಿಬಿಟ್ಟು ಉಡಿಸಿದರು. “ಅವರು ಬರೋ ಹೊತ್ತಿಗೆ ಚಾಪೆ ಮೇಲೆ ಕುಂತಿರು. ಏನೇ ಆದ್ರೂ ಎದ್ದೇಳ್ಬೇಡ ಕಣೆ” ಎಂದರು. ಉಪ್ಪಿಟ್ಟು, ಕಾಫಿ ತಂದುಕೊಟ್ಟವಳು ನನ್ನ ತಂಗಿ. ಬಂದವರು ಹೊರಡುವಾಗಲೂ ನಾನು ಏಳಲಿಲ್ಲ. ಅಲ್ಲಿಗೆ ಅವರಿಗೆ ಅನುಮಾನ ಬಂತು, ವಿಚಾರಿಸಿದರು, ಸಂಬಂಧ ಮುರಿಯಿತು. ಕಾಲಿನ ಕಾರಣಕ್ಕಲ್ಲ, ಮುಚ್ಚಿಟ್ಟರಲ್ಲ ಎಂಬ ಬೇಸರಕ್ಕೆ ಎಂದು ಹೇಳಿಕಳಿಸಿದರು. ಕಾಲು ತೋರಿಸಿದ್ದರೆ ಒಪ್ಪುತ್ತಿದ್ದರೇ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗಿ ಬರಲಿಲ್ಲ.

ಆಮೇಲೆ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಲು ಜಿಲ್ಲಾ ಕೇಂದ್ರಕ್ಕೆ ಹೊರಟಾಗ ಜೊತೆಗೆ ಬಂದವರೂ ಅದೇ ಅತ್ತೆ. ಬಸ್ಸಿನಲ್ಲಿ ಕಿವಿಯ ಹತ್ತಿರ ಬಾಗಿ, “ಡಾಕ್ಟ್ರ ಮುಂದೆ ಚೆನ್ನಾಗಿ ಕುಂಟು. ನೆಟ್ಟಗೆ ನಡೆದ್ರೆ ಪರ್ಸೆಂಟ್ ಕಮ್ಮಿ ಹಾಕ್ತಾರೆ” ಎಂದರು. ಎರಡೂ ಮಾತನ್ನು ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಮದುವೆಯ ಮಾತುಕತೆಯಲ್ಲಿ ನನ್ನ ಕಾಲಿಗೆ ಏನು ಬೆಲೆ, ಸರ್ಕಾರಿ ಕಾಗದದಲ್ಲಿ ಏನು ಬೆಲೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿ ನಮ್ಮತ್ತೆಗೆ ಸುಲಭವಾಗಿ ಕೆಲಸ ಸಿಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ಎಂದು ವೈದ್ಯರು ಗುರುತಿಸಿದ ಕಾಯಿಲೆಯಿಂದ ಕಾಲುಗಳ ಬಲ ಕಳೆದುಕೊಂಡರು. ಆಮೇಲೆ ನಾಲ್ಕು ಸಲ ಅಧ್ಯಕ್ಷರಾಗಿ ಆಯ್ಕೆಯಾದರು. ಕಬ್ಬಿಣದ ಪಟ್ಟಿ ಬಿಗಿದುಕೊಂಡು, ಮಗನ ತೋಳು ಹಿಡಿದು ನಿಂತು ಭಾಷಣ ಮಾಡುತ್ತಿದ್ದರು. ಗಾಲಿಕುರ್ಚಿಯಲ್ಲಿ ಕೂತಿರುವ ಅವರ ಚಿತ್ರಗಳು ಬೆರಳೆಣಿಕೆಯಷ್ಟು. ಅವರು ತೀರಿಕೊಂಡು ಐವತ್ತು ವರ್ಷದ ಮೇಲೆ, 1997ರಲ್ಲಿ, ವಾಷಿಂಗ್ಟನ್‌ನಲ್ಲಿ ಸ್ಮಾರಕ ಕಟ್ಟಿದಾಗಲೂ ಕುರ್ಚಿಯನ್ನು ನಿಲುವಂಗಿಯಿಂದ ಮುಚ್ಚಿದ ಪ್ರತಿಮೆಯನ್ನೇ ಕೂರಿಸಿದರು. ಅಲ್ಲಿನ ಅಂಗವಿಕಲರು ಜಗಳವಾಡಿದರು, ತಾವೇ ಹಣ ಕೂಡಿಸಿದರು. 2001ರಲ್ಲಿ ಗಾಲಿಕುರ್ಚಿಯಲ್ಲಿ ಕೂತ ರೂಸ್‌ವೆಲ್ಟ್ ಪ್ರತಿಮೆ ಸ್ಮಾರಕದ ಬಾಗಿಲಿಗೆ ಬಂತು. ಬದುಕಿದ್ದಾಗ ಮುಚ್ಚಿಕೊಂಡದ್ದು ಅವರ ಇಷ್ಟ. ರಾಜಕೀಯದಲ್ಲಿ ಉಳಿಯಬೇಕಿತ್ತು, ಮುಚ್ಚಿಕೊಂಡರು. ಸತ್ತ ಮೇಲೂ ಬೇರೆಯವರು ಮುಚ್ಚಿದ್ದಕ್ಕೆ ಯಾವ ಕಾರಣವೂ ಇರಲಿಲ್ಲ.

ನಮ್ಮ ಮನೆಗಳಲ್ಲಿ ಇದು ಕಾಲಿಗಿಂತ ಬುದ್ಧಿಯ ವಿಷಯದಲ್ಲಿ ಹೆಚ್ಚು ಕ್ರೂರವಾಗಿ ನಡೆಯುತ್ತದೆ. ಅಕ್ಕನಿಗೆ ಗಂಡು ನೋಡುವ ದಿನ ಬುದ್ಧಿ ಬೆಳೆಯದ ತಮ್ಮನನ್ನು ತೋಟದ ಮನೆಗೆ ಕಳಿಸುವುದು, ಮೂರ್ಛೆ ಬರುವ ಹುಡುಗಿಯನ್ನು ನೆಂಟರ ಊರಿನಲ್ಲಿ ಬಿಟ್ಟು ಬರುವುದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. “ಆ ಮನೇಲಿ ಒಂದು ಹಂಗಿದೆಯಂತೆ” ಎನ್ನುವ ಒಂದೇ ಮಾತು ಮೂರು ಹೆಣ್ಣುಮಕ್ಕಳ ಸಂಬಂಧ ತಪ್ಪಿಸಬಲ್ಲದು. ಹಾಗಿರುವಾಗ ಮುಚ್ಚಿಡುವ ತಾಯಿಯನ್ನು ಬೈಯುವುದು ಸುಲಭ, ಆ ಮಾತು ಆಡುವವರನ್ನು ತಡೆಯುವುದು ಕಷ್ಟ. ಸಂಬಂಧ ಕುದುರಿಸುವಾಗ ಮಧ್ಯೆ ಕೂರುವ ಹಿರಿಯರು ಇದನ್ನು ಓದುತ್ತಿದ್ದರೆ, ಈ ಸಾಲು ಅವರಿಗೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ, ಜನಸಂಖ್ಯೆಯ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು. ಆ ಲೆಕ್ಕ ಬಂದದ್ದು ಮನೆಯವರು ಬಾಯಿಬಿಟ್ಟು ಹೇಳಿದ್ದರಿಂದ. ಜಗಲಿಯಲ್ಲಿ ಕೂತ ಗಣತಿದಾರರಿಗೆ, ಅವರು ನಮ್ಮಂಥ ಶಾಲೆಯ ಶಿಕ್ಷಕರೇ, ಒಳಕೋಣೆಯಲ್ಲಿ ಯಾರಿದ್ದಾರೆ ಎಂದು ಹೇಗೆ ಗೊತ್ತಾಗಬೇಕು?

ಸರ್ಕಾರ ಇದಕ್ಕೆ ತಿರುಗುಮುರುಗು. ಅದಕ್ಕೆ ಎಲ್ಲವನ್ನೂ ತೋರಿಸಬೇಕು, ಅಳತೆಗೆ ಸಿಗುವ ಹಾಗೆ ತೋರಿಸಬೇಕು. ಶೇ. 40 ಎಂದು ಬರೆಸಿಕೊಂಡರೆ ಒಳಗೆ, 39 ಎಂದರೆ ಹೊರಗೆ. ಮಾಸಾಶನಕ್ಕೆ 75ರಲ್ಲಿ ಇನ್ನೊಂದು ಗೆರೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಇತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಕುಸುಮರೋಗ, ತಲಸ್ಸೇಮಿಯಾ, ಕಲಿಕೆಯ ತೊಂದರೆಗಳನ್ನೂ ಸೇರಿಸಿತು. ಒಳ್ಳೆಯದೇ ಆಯಿತು. ಆದರೆ ಬಸ್ಸಿನಲ್ಲಿ ಮೀಸಲು ಸೀಟಿನ ಮೇಲೆ ಇರುವುದು ಇನ್ನೂ ಗಾಲಿಕುರ್ಚಿಯ ಚಿತ್ರವೇ. ಕುಸುಮರೋಗದಿಂದ ರಕ್ತ ಹೆಪ್ಪುಗಟ್ಟದ ಹುಡುಗ ಅಲ್ಲಿ ಕೂತರೆ ಬಸ್ಸಿನವರೆಲ್ಲ ಅವನ ಕಾಲು ನೋಡುತ್ತಾರೆ. ಕಾಲು ನೆಟ್ಟಗಿದೆಯಲ್ಲ, ಏಳಪ್ಪ ಎನ್ನುತ್ತಾರೆ. ಅವನು ಪಾಸು ತೆಗೆದು, ಕಾಯಿಲೆಯ ಹೆಸರು ಗಟ್ಟಿಯಾಗಿ ಹೇಳಿ, ಆಮೇಲೆ ಕೂತುಕೊಳ್ಳಬೇಕು. 2024ರಲ್ಲಿ ಮಹಾರಾಷ್ಟ್ರದಲ್ಲಿದ್ದ ತರಬೇತಿ ಐಎಎಸ್ ಅಧಿಕಾರಿಯೊಬ್ಬರ ಅಂಗವಿಕಲತೆಯ ಪ್ರಮಾಣಪತ್ರದ ಮೇಲೆ ಆರೋಪ ಬಂದ ಮೇಲಂತೂ ಊನ ಕಣ್ಣಿಗೆ ಕಾಣದ ಎಲ್ಲರೂ ಸುಳ್ಳರೇ ಎಂಬಂತೆ ಮಾತಾಡುವವರು ಹೆಚ್ಚಿದರು. ಒಬ್ಬರ ಮೇಲಿನ ಆರೋಪಕ್ಕೆ ಲಕ್ಷಾಂತರ ಜನ ತಮ್ಮ ಮೈ ತೋರಿಸಬೇಕು ಎನ್ನುವುದು ಯಾವ ನ್ಯಾಯ?

ಇದೇ ಸರ್ಕಾರದ ಇನ್ನೊಂದು ಯೋಜನೆ ಇದೆ. ಅಂಗವಿಕಲರನ್ನು ಮದುವೆಯಾಗುವ, ಅಂಗವಿಕಲರಲ್ಲದವರಿಗೆ ₹50,000 ಪ್ರೋತ್ಸಾಹಧನ. ಹಣ ಬೇಡ ಎನ್ನುವಷ್ಟು ಶ್ರೀಮಂತಳಲ್ಲ ನಾನು. ಆದರೂ ನನ್ನನ್ನು ಕಟ್ಟಿಕೊಳ್ಳುವುದು ಪ್ರೋತ್ಸಾಹ ಕೊಟ್ಟು ಮಾಡಿಸಬೇಕಾದ ಕೆಲಸ ಎಂದು ಸರ್ಕಾರವೇ ಅಂದ ಮೇಲೆ, ಚಾಪೆ ಬಿಟ್ಟು ಏಳಬೇಡ ಎಂದ ಅತ್ತೆಯದೇನು ತಪ್ಪು?

ನರ್ತಕಿ ಸುಧಾ ಚಂದ್ರನ್ ಅವರ ಕಥೆ ನಿಮಗೆಲ್ಲ ಗೊತ್ತು. 1981ರ ಅಪಘಾತದ ನಂತರ ಕಾಲು ಕಳೆದುಕೊಂಡು, ಜೈಪುರ ಕಾಲು ಹಾಕಿಸಿಕೊಂಡು ಮತ್ತೆ ಭರತನಾಟ್ಯ ಮಾಡಿದವರು. ಅವರ ಬದುಕೇ ‘ಮಯೂರಿ’ ಎಂಬ ಸಿನಿಮಾ ಆಯಿತು, ದೇಶವೆಲ್ಲ ಚಪ್ಪಾಳೆ ಹೊಡೆಯಿತು. ಅವರೇ 2021ರ ಅಕ್ಟೋಬರ್‌ನಲ್ಲಿ ವಿಡಿಯೋ ಮಾಡಿ ಪ್ರಧಾನಿಗೆ ಮನವಿ ಮಾಡಿಕೊಂಡರು: ಪ್ರತಿ ಸಲ ವಿಮಾನ ನಿಲ್ದಾಣದಲ್ಲಿ ಕೃತಕ ಕಾಲು ಬಿಚ್ಚಿ ತೋರಿಸು ಎನ್ನುತ್ತಾರೆ, ಇದಕ್ಕೊಂದು ಕೊನೆ ಇಲ್ಲವೇ ಎಂದು. ಭದ್ರತಾ ಪಡೆ ಕ್ಷಮೆ ಕೇಳಿತು. ರಂಗದ ಮೇಲೆ ಕುಣಿಯುವಾಗ ಹೊಗಳಿದ ಕಾಲನ್ನೇ ಕೌಂಟರಿನಲ್ಲಿ ಬಿಚ್ಚಿಡು ಎಂದದ್ದು. ಹೆಸರಿರುವ ಕಲಾವಿದೆಗೆ ಹೀಗಾದರೆ, ಹೋಬಳಿಯ ಶಾಮಿಯಾನದಲ್ಲಿ ಕೂತ ನಮ್ಮದೇನು ಲೆಕ್ಕ.

ಶಾಮಿಯಾನಕ್ಕೆ ಬರುತ್ತೇನೆ. ಇಂಥ ಸಮಾರಂಭಗಳಿಗೆ ನಾನು ಹೋಗಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ. ಹೆಸರು ಕೂಗುತ್ತಾರೆ, ಹೆಸರಿನ ಜೊತೆ ಊನವನ್ನೂ ಶೇಕಡಾವಾರು ಲೆಕ್ಕವನ್ನೂ ಕೂಗುತ್ತಾರೆ. ಕೊಡುವವರ ಕೈ ಸೈಕಲ್ಲಿನ ಮೇಲೆ ಇರುತ್ತದೆ, ಕಣ್ಣು ಕ್ಯಾಮೆರಾದ ಮೇಲೆ ಇರುತ್ತದೆ. ಚಿತ್ರ ಸರಿ ಬರಲಿಲ್ಲವೆಂದು ಒಬ್ಬ ಅಜ್ಜನನ್ನು ಎರಡನೇ ಸಲ ಮೆಟ್ಟಿಲು ಹತ್ತಿಸಿದರು. ಸಂಜೆಯೊಳಗೆ ಆ ಚಿತ್ರ ವಾಟ್ಸಾಪ್‌ನ ಎಲ್ಲ ಗುಂಪುಗಳಲ್ಲಿ. ಮಾರನೆಯ ದಿನ ಆ ಅಜ್ಜನ ಮೊಮ್ಮಗಳ ಸಂಬಂಧದವರೂ ಅದನ್ನು ನೋಡಿರುತ್ತಾರೆ. ಮನೆಯವರು ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ನೀವು ಒಂದು ಬೆಳಿಗ್ಗೆಯಲ್ಲಿ ಬಯಲು ಮಾಡುತ್ತೀರಿ. ಒಂದು ಊರುಗೋಲಿಗೆ ಇಷ್ಟು ಬೆಲೆ ಹೆಚ್ಚಾಯಿತು.

ನಮ್ಮ ಊರಿನ ಕವಿಯೊಬ್ಬನ ಪ್ರಸ್ತಾಪ ಇಲ್ಲಿ ಬರಬೇಕು. ಊರಿನವನೆಂದರೆ ಹುಟ್ಟಿದವನಲ್ಲ, ನಮ್ಮ ಕಲ್ಲಿನ ಮೇಲೆ ಪದ್ಯ ಬರೆದವನು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಸ್ಥಾನದ ಮುಂದಿನ ದೊಡ್ಡ ಶಾಸನ ಕವಿಚಕ್ರವರ್ತಿ ಜನ್ನನ ರಚನೆ. ಬೆಂಗಳೂರಿನಿಂದ ಬಂದವರಿಗೆ ಶಿಲ್ಪಿ ಮಲ್ಲಿತಮ್ಮನ ಕೆತ್ತನೆಯನ್ನೂ ಜನ್ನನ ಶಾಸನವನ್ನೂ ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಅದೇ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ಅಷ್ಟಾವಂಕನೆಂಬ ಮಾವುತ ಬರುತ್ತಾನೆ. ರಾಣಿ ಅಮೃತಮತಿ ಅವನ ಹಾಡು ಕೇಳಿ ಮನಸೋಲುತ್ತಾಳೆ, ಮುಖ ನೋಡಿರುವುದಿಲ್ಲ. ಕೆಳದಿಯನ್ನು ಕಳಿಸುತ್ತಾಳೆ. ಕೆಳದಿ ನೋಡಿ ಬಂದು ಅವನ ಅಂಗಾಂಗದ ವಿಕಾರವನ್ನು ಹೇಸಿಕೊಂಡು ವರ್ಣಿಸುತ್ತಾಳೆ. ಕವಿಯೂ ಆ ಪದ್ಯಗಳಲ್ಲಿ ಕೈ ಬಿಗಿಹಿಡಿದಿಲ್ಲ. ಕತ್ತಲಲ್ಲಿ ಹಾಡುವವರೆಗೆ ಅವನು ಗಾಯಕ, ಬೆಳಕಾದ ಮೇಲೆ ಬರೀ ಅಷ್ಟಾವಂಕ. ಕನ್ನಡದ ಎಷ್ಟೋ ಪಂಡಿತರು ಅಮೃತಮತಿ ಅಂಥವನಿಗೆ ಹೇಗೆ ಒಲಿದಳು ಎಂದು ತಲೆ ಕೆಡಿಸಿಕೊಂಡಿದ್ದಾರೆ. ಕಾವ್ಯ ಅವನನ್ನು ಕೆಟ್ಟವನನ್ನಾಗಿಯೂ ಮಾಡಿದೆ, ರಾಣಿಯನ್ನು ಹೊಡೆಯುತ್ತಾನೆ. ಅವನ ಪರವಾಗಿ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ಆದರೆ ಅವನು ಯಾಕೆ ಕತ್ತಲಲ್ಲೇ ಹಾಡುತ್ತಿದ್ದ ಎಂದು ನನ್ನಂಥ ಕಾಲಿನವರು ಮಾತ್ರ ಕೇಳಿಯಾರು. ಜನ್ನ ದೊಡ್ಡ ಕವಿ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಕವಿಗೂ ಈ ಪ್ರಶ್ನೆ ಹೊಳೆದಿಲ್ಲ ಎಂದರೆ ಅಭ್ಯಾಸ ಎಷ್ಟು ಹಳೆಯದು ನೋಡಿ.

ಇನ್ನು ನಮ್ಮ ಪಕ್ಕದ ಜಿಲ್ಲೆ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟದ ಕೀಲು ಸವೆದು, ಬೆಳವಣಿಗೆ ಕುಂಠಿತವಾಗಿ, ಕೆಲವರು ತೆವಳುವ ಸ್ಥಿತಿಗೆ ಬಂದರು. ಹೆಚ್ಚಿನವರು ಬಡ ದಲಿತ ಕುಟುಂಬಗಳ ಕೂಲಿಗಳು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದರಿಂದ ಬಂತು ಎಂದು ಮೊದಲು ಶಂಕಿಸಿದರು. ಆಮೇಲಿನ ಸಂಶೋಧನೆ ಅದು ವಂಶವಾಹಿಯಿಂದ ಬರುವುದು ಎಂದಿತು. ನಮ್ಮ ಜಿಲ್ಲೆಯ ಮಲೆನಾಡಿನ ಕಡೆಯೂ ಆ ಕಾಯಿಲೆಯ ಕುಟುಂಬಗಳಿವೆ. ದಶಕಗಳ ಕಾಲ ವೈದ್ಯರು ಬಂದರು, ವಿಜ್ಞಾನಿಗಳು ಬಂದರು, ಪತ್ರಕರ್ತರು ಬಂದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಚಿತ್ರ ತೆಗೆದರು. ವೈದ್ಯಕೀಯ ಪುಸ್ತಕದಲ್ಲಿ ಕಾಯಿಲೆಗೆ ಊರಿನ ಹೆಸರೇ ನಿಂತಿತು. ಈಗ ಆ ಊರಿನ ಯಾವ ಹುಡುಗಿಯಾದರೂ, ಕಾಯಿಲೆ ಇಲ್ಲದವಳೂ, ನಾನು ಹಂದಿಗೋಡಿನವಳು ಎಂದರೆ ಕೇಳಿದವರ ಕಣ್ಣು ಮೊದಲು ಅವಳ ಸೊಂಟದ ಕಡೆ ಹೋಗುತ್ತದೆ. 2016ರ ಕಾಯ್ದೆಯ 6ನೇ ಸೆಕ್ಷನ್ ಅಂಗವಿಕಲರನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಸಂಶೋಧನೆಗೆ ಒಳಪಡಿಸಬಾರದು ಎನ್ನುತ್ತದೆ. ಹಂದಿಗೋಡಿಗೆ ಅದು ನಾಲ್ಕು ದಶಕ ತಡವಾಗಿ ಬಂತು.

ನೀವು ಇಲ್ಲಿ ಒಂದು ಮಾತು ಕೇಳಬಹುದು. ತೋರಿಸದಿದ್ದರೆ ದಾನಿಗಳು ಕೊಡುತ್ತಾರೆಯೇ, ಸರ್ಕಾರ ಕಣ್ಣು ತೆರೆಯುತ್ತದೆಯೇ ಎಂದು. ನ್ಯಾಯವಾದ ಪ್ರಶ್ನೆ. ಕಾಸರಗೋಡಿನ ಕಡೆ ನೋಡಿ. ಅಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆಯಂಥ ಕನ್ನಡ ಊರುಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಡಾ. ವೈ.ಎಸ್. ಮೋಹನ್ ಕುಮಾರ್ ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಆ ಮಕ್ಕಳ ಚಿತ್ರ ಲೋಕಕ್ಕೆಲ್ಲ ಹೋಗದಿದ್ದರೆ 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆಯುತ್ತಿತ್ತೋ ಇಲ್ಲವೋ. 2017ರಲ್ಲಿ ತಲಾ ಐದು ಲಕ್ಷ ಪರಿಹಾರ ಕೊಡಿ ಎಂದು ಅದೇ ಕೋರ್ಟ್ ಕೇರಳಕ್ಕೆ ಹೇಳಿತು. ಹೇಳಿದರೂ ಪೂರ್ತಿ ಸಿಗದೆ, 2019ರಲ್ಲಿ ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ತಿರುವನಂತಪುರದ ಸೆಕ್ರೆಟೇರಿಯೆಟ್ ಮುಂದೆ ಕೂತರು. ಅದೂ ಪ್ರದರ್ಶನವೇ. ಆದರೆ ಅಲ್ಲಿ ತೋರಿಸಿದವರು ತಾಯಂದಿರು, ತಲೆ ತಗ್ಗಿಸಬೇಕಾಗಿದ್ದವರು ವಿಷ ಸುರಿದವರು. ನಿಮ್ಮ ವೇದಿಕೆಯಲ್ಲಿ ತೋರಿಸುವವರು ನೀವು, ತಲೆ ತಗ್ಗಿಸುವವರು ನಾವು. ಅಲ್ಲಿಯೂ ಮಕ್ಕಳಿಗೆ ಬಾಯಿ ಬರುತ್ತಿದ್ದರೆ ತಮ್ಮ ಚಿತ್ರ ಬೇಡವೆನ್ನುತ್ತಿದ್ದರೋ ಏನೋ ಎಂಬ ಅಳುಕು ನನಗಿದೆ. ತಾಯಂದಿರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ.

ಇನ್ನೊಂದು ಬಗೆಯ ಪ್ರದರ್ಶನ ಸಾಧಕರದು. ನಿಮ್ಮ ಕರಪತ್ರದಲ್ಲಿ ‘ಅಂಗವಿಕಲ ಸಾಧಕರಿಗೆ ಸನ್ಮಾನ’ ಎಂದಿದೆ. ಮಾಲತಿ ಹೊಳ್ಳ ಗಾಲಿಕುರ್ಚಿಯ ಮೇಲೆ ದೇಶಕ್ಕೆ ಪದಕ ತಂದರು, ಪದ್ಮಶ್ರೀ ಪಡೆದರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದರು. ಗದುಗಿನ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು ಎಂಬುದು ನಾಡಿಗೇ ಗೊತ್ತು. ಇವರ ಬಗ್ಗೆ ಹೆಮ್ಮೆ ನನಗೂ ಇದೆ. ಆದರೆ ಕಣ್ಣಿಲ್ಲದ ಹುಡುಗ ಶಾಲೆಗೆ ಬಂದ ಕೂಡಲೇ “ಒಂದು ಹಾಡು ಹೇಳಪ್ಪ” ಎನ್ನುವವರನ್ನು ನೋಡಿದ್ದೇನೆ. ಅವನಿಗೆ ಗಣಿತ ಇಷ್ಟವಿರಬಹುದು. ಏನೂ ಇಷ್ಟವಿಲ್ಲದೆ, ನಿಮ್ಮ ಮಕ್ಕಳ ಹಾಗೆ, ಮೊಬೈಲ್ ಹಿಡಿದು ಸೋಮಾರಿಯಾಗಿ ಕೂರುವ ಹಕ್ಕೂ ಅವನಿಗಿದೆ. ಕಾಲಿಲ್ಲದಿದ್ದರೂ ಬೆಟ್ಟ ಹತ್ತಿದರು ಎನ್ನುವ ಹೊಗಳಿಕೆ, ಬೆಟ್ಟ ಹತ್ತದೆ ಮನೆಯಲ್ಲಿ ಅಡಿಕೆ ಸುಲಿಯುತ್ತ ಕೂತ ನಮ್ಮಂಥವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ. ಶಾಲೆಗೆ ಬಂದ ಅತಿಥಿಯೊಬ್ಬರು ಮಕ್ಕಳೆದುರು ನನ್ನನ್ನು ನಿಲ್ಲಿಸಿ, “ಇವರನ್ನು ನೋಡಿ ಕಲೀರಿ” ಎಂದರು. ಮಕ್ಕಳು ನನ್ನಿಂದ ಕಲಿಯುವುದು ಸಮಾಜ ವಿಜ್ಞಾನ.

ಯಾರೂ ನನ್ನನ್ನು ನಿಲ್ಲಿಸಿ ತೋರಿಸದ ಜಾಗವೂ ಒಂದಿತ್ತು. ಅಂತರಘಟ್ಟೆ ಜಾತ್ರೆಗೆ ಹೋಗುವುದೆಂದರೆ ನನಗೆ ಚಿಕ್ಕಂದಿನಿಂದಲೂ ಆಸೆ. ದೇವಿಯ ಮೇಲಿನ ಭಕ್ತಿ ಇದ್ದೇ ಇತ್ತು, ಜೊತೆಗೆ ಎತ್ತಿನ ಗಾಡಿಯ ಸುಖ. ಕಮಾನು ಕಟ್ಟಿದ ಗಾಡಿಯೊಳಗೆ ಕೂತವರಿಗೆಲ್ಲ ಕಾಲು ಮಡಿಚಿಕೊಂಡೇ ಇರಬೇಕು. ದಾರಿಯುದ್ದಕ್ಕೂ ಯಾರೂ ನನ್ನನ್ನು ಏಳು ಎನ್ನುತ್ತಿರಲಿಲ್ಲ, ಕೂರು ಎನ್ನುತ್ತಿರಲಿಲ್ಲ.

ಇನ್ನು ನಿಮ್ಮನ್ನು ಕೇಳಿಕೊಳ್ಳುವುದು. ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾವ ಅಳತೆಯ ಊರುಗೋಲು ಬೇಕು ಎಂಬುದು ಅವರಿಗೆ ಗೊತ್ತು. ಸಾಮಾನನ್ನು ಅವರ ಜೊತೆ ಮನೆಗೆ ತಲುಪಿಸಿ. ಅಳತೆ ನೋಡದೆ ಒಂದೇ ಉದ್ದದ ನೂರು ಊರುಗೋಲು ಹಂಚಿದರೆ ಅವು ಅಟ್ಟ ಸೇರುತ್ತವೆ. ವೇದಿಕೆಗೆ ಬಂದೇ ತೆಗೆದುಕೊಳ್ಳುತ್ತೇನೆ, ಚಿತ್ರ ಬೇಕು, ಪತ್ರಿಕೆಯಲ್ಲಿ ಬರಲಿ ಎನ್ನುವವರೂ ಇರುತ್ತಾರೆ. ಅವರನ್ನು ಖಂಡಿತ ಕರೆಯಿರಿ, ಹೂವಿನ ಹಾರವನ್ನೂ ಹಾಕಿ, ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಲಗೆ ಇಡಿ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮೊದಲೇ ಕೇಳಿ. ಬರುವುದಿಲ್ಲ ಎಂದವರ ಹೆಸರನ್ನು ಮೈಕಿನಲ್ಲಿ ಓದಬೇಡಿ. ಮಕ್ಕಳ ಚಿತ್ರವನ್ನಂತೂ ಹಾಕಲೇಬೇಡಿ. ಮೈಕಿನಲ್ಲಿ ಓದಲೇಬೇಕಾದದ್ದು ಬೇರೆ ಇದೆ. ಪಂಚಾಯಿತಿಗಳು ತಮ್ಮ ಹಣದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು ಎಂಬ ನಿಯಮವಿದೆ. ಹೋದ ವರ್ಷ ಆ ಹಣ ಎಷ್ಟಿತ್ತು, ಯಾವುದಕ್ಕೆ ಹೋಯಿತು ಎಂಬುದನ್ನು ನಮ್ಮ ಪರ್ಸೆಂಟಿನ ಬದಲು ಓದಿಸಿ. ಅದನ್ನು ತೋರಿಸಿದರೆ ಯಾರ ಮಗಳ ಮದುವೆಯೂ ನಿಲ್ಲುವುದಿಲ್ಲ.

ಮುಂದಿನ ಜನಗಣತಿಗೆ ಗಣತಿದಾರರು ಮನೆಬಾಗಿಲಿಗೆ ಬಂದಾಗ ಒಳಗಿರುವವರನ್ನು ಬರೆಸುವಂತೆ ಮನೆಮನೆಗೆ ಹೇಳಿ. ಬರೆದುಕೊಂಡದ್ದನ್ನು ಹೊರಗೆ ಹೇಳುವಂತಿಲ್ಲ ಎಂದು ಗಣತಿ ಕಾಯ್ದೆಯೇ ಹೇಳುತ್ತದೆ. ಈ ಧೈರ್ಯವನ್ನು ನೀವು ಹೇಳಿದರೆ ಜನ ನಂಬುತ್ತಾರೆ.

ಸಮಾರಂಭದ ಸಿದ್ಧತೆಗೆ ನೀವು ಸಮಿತಿ ಮಾಡಿದ್ದೀರಿ, ಕರಪತ್ರದಲ್ಲಿ ಎಲ್ಲರ ಹೆಸರೂ ಇದೆ. ಅದರಲ್ಲಿ ನಮ್ಮವರು ಒಬ್ಬರೂ ಇಲ್ಲ. ಕನಿಷ್ಠ ಇಬ್ಬರನ್ನು ಸೇರಿಸಿಕೊಳ್ಳಿ, ಅವರಲ್ಲಿ ಒಬ್ಬರು ಹೆಣ್ಣಾಗಿರಲಿ. ಸಿಗದಿದ್ದರೆ ನಾನಿದ್ದೇನೆ. ಸಭೆ ಯಾವಾಗ ಎಂದು ಹೇಳಿಕಳಿಸಿ. ಮೆಟ್ಟಿಲಿಲ್ಲದ ಜಾಗದಲ್ಲಿ ಇಟ್ಟರೆ ನಿಮಗಿಂತ ಮೊದಲೇ ಬಂದಿರುತ್ತೇನೆ.

ಇಂತಿ,
ನಿಮ್ಮದೇ ಹೋಬಳಿಯ ಒಬ್ಬ ಶಿಕ್ಷಕಿ